ಅಪ್ಪನ ಗಿರಣಿಯ ಲಿಸ್ಟರ್ ಮಾದರಿ ಎಂಜಿನಿಗೆ ಬಿಡಿಭಾಗ ಎಲ್ಲಿ ಸಿಗುತ್ತವೆ?

ವರದಾ ದಂಡೆಯವ (ಹಾನಗಲ್ಲ ತಾಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಪ್ಪ ನಡೆಸುತ್ತಿದ್ದ ಹಿಟ್ಟಿನ ಗಿರಣಿ ಈಗ ನನ್ನ ಪಾಲಿಗೆ ಬಂದಿದೆ. ಬೀಸುವ ಕಲ್ಲುಗಳು ಚೆನ್ನಾಗಿವೆ, ಪಟ್ಟಾ ಹೊಸದು. ತೊಂದರೆಯೆಲ್ಲ ಎಂಜಿನಿನದು. ಒಂದೇ ಸಿಲಿಂಡರು, ಎರಡೂ ಬದಿಗೆ ಭಾರದ ಗಾಲಿಗಳು, ತಣಿಸಲು ಪಕ್ಕದಲ್ಲಿ ನೀರಿನ ತೊಟ್ಟಿ. ಫಲಕದ ಮೇಲೆ ಕಂಪನಿಯ ಹೆಸರು ಅಳಿಸಿಹೋಗಿದೆ. 6 ಎಚ್‌ಪಿ, 650 ಆರ್‌ಪಿಎಂ ಎಂಬುದಷ್ಟೇ ಓದಲು ಬರುತ್ತದೆ. ಊರಿನವರು ಲಿಸ್ಟರ್ ಎನ್ನುತ್ತಾರೆ, ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಬಿಲ್ಲು ಮಾತ್ರ ರಾಜ್‌ಕೋಟಿನದು.

ಹ್ಯಾಂಡಲ್ ತಿರುಗಿಸಿದರೆ ಚಾಲೂ ಆಗುತ್ತದೆ. ಆದರೆ ಜೋಳ ಸುರಿದು ಭಾರ ಬಿದ್ದ ಕೂಡಲೇ ಟಕ್ ಟಕ್ ಎಂದು ಬಡಿತ ಶುರು, ಜೊತೆಗೆ ನೀಲಿ ಹೊಗೆ. ಪೇಟೆಯ ಒಂದು ಅಂಗಡಿಯಲ್ಲಿ 6 ಎಚ್‌ಪಿ ಪಿಸ್ಟನ್ ರಿಂಗ್ ಸೆಟ್ ಕೇಳಿ ತಂದೆ. ಸಿಲಿಂಡರಿನೊಳಗೆ ಇಟ್ಟು ನೋಡಿದರೆ ರಿಂಗಿನ ತುದಿಗಳ ನಡುವೆ ಬೆರಳು ತೂರುತ್ತದೆ. ಪೊಟ್ಟಣ ಒಡೆದಿದೆ ಎಂದು ಅಂಗಡಿಯವರು ವಾಪಸು ಪಡೆಯಲಿಲ್ಲ.

ಗುಜರಿಯವನು ತೂಕಕ್ಕೆ ಕೇಳುತ್ತಿದ್ದಾನೆ, ಮನೆಯಲ್ಲಿ ಕೊಟ್ಟುಬಿಡು ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಇದಕ್ಕೆ ಬಿಡಿಭಾಗ ಇನ್ನೂ ಸಿಗುತ್ತವೆಯೇ? ಎಲ್ಲಿ, ಏನೆಂದು ಕೇಳಬೇಕು?

ಬೆಟಗೇರಿಯ ಓದುಗ:

ಅಣ್ಣಾ, ತಪ್ಪು ತಿಳಿಯಬೇಡಿ. ನಮ್ಮ ಖಾರ ಕುಟ್ಟುವ ಯಂತ್ರಕ್ಕೂ ಇಂಥದೇ ಎಂಜಿನು ಇತ್ತು. ಅದನ್ನು ಕೆಳಗಿಳಿಸಿ ತ್ರೀ ಫೇಸ್ ಮೋಟಾರು ಕೂರಿಸಿದ ಮೇಲೆ ಬೆಳಿಗ್ಗೆ ಬಂದು ಗುಂಡಿ ಒತ್ತಿದರೆ ಮುಗಿಯಿತು. ಡೀಸೆಲ್ ತರುವುದಿಲ್ಲ, ಕೈಗೆ ಮಸಿಯಿಲ್ಲ. ಎಂಜಿನಿನ ಮೇಲೆ ಪ್ರೀತಿಯಿದ್ದರೆ ಬಣ್ಣ ಹಚ್ಚಿ ಅಂಗಳದಲ್ಲಿ ಇಡಿ. ಒಂದು ಎಚ್ಚರಿಕೆ: ಮೋಟಾರು 1440 ಸುತ್ತಿನದಾದರೆ ಈಗಿನ ಪುಲಿಯನ್ನೇ ಅದಕ್ಕೆ ಹಾಕಬೇಡಿ, ಕಲ್ಲು ಎರಡು ಪಟ್ಟಿಗಿಂತ ಹೆಚ್ಚು ವೇಗವಾಗಿ ತಿರುಗುತ್ತದೆ. ಹಿಟ್ಟು ಸುಡುವುದು ಹಾಗಿರಲಿ, ಕಲ್ಲೇ ಸಿಡಿಯಬಹುದು.

ಹಳೆಯ ಟರ್ನರ್, ಹುಬ್ಬಳ್ಳಿ:

ತಮ್ಮಾ, ಮೋಟಾರಿನ ಮಾತು ಆಮೇಲೆ. ಕರೆಂಟು ಹೋದ ದಿನ ಬೆಟಗೇರಿಯವರು ಏನು ಮಾಡುತ್ತಾರೆ ಎಂದು ಅವರೇ ಹೇಳಲಿ.

ಅಂಗಡಿಗೆ ಹೋಗಿ 6 ಎಚ್‌ಪಿ ರಿಂಗು ಎಂದರೆ ಅವನಾದರೂ ಏನು ಕೊಡಬೇಕು? ಎಚ್‌ಪಿಗೂ ರಿಂಗಿಗೂ ನಂಟಿಲ್ಲ, ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಹೇಳಬೇಕು. ಲಿಸ್ಟರ್ 6/1ರ (6 ಎಚ್‌ಪಿ, ಒಂದು ಸಿಲಿಂಡರು) ಬೋರ್ ನಾಲ್ಕೂವರೆ ಇಂಚು, ಅಂದರೆ 114.3 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಐದೂವರೆ ಇಂಚು. ಬಾವಿಗಳ ಮೇಲೆ ಕೂರುತ್ತಿದ್ದ 5 ಎಚ್‌ಪಿ, 1500 ಆರ್‌ಪಿಎಂನ ಕಿರ್ಲೋಸ್ಕರ್ ಎವಿ1 ಮಾದರಿಯ ಬೋರ್ 80 ಮಿ.ಮೀ. ಮಾತ್ರ. ಇನ್ನು 8 ಎಚ್‌ಪಿ ಎಂದು ಬರುವ ರಾಜ್‌ಕೋಟಿನ ಗಾಲಿ ಎಂಜಿನುಗಳಲ್ಲಿ 120 ಮಿ.ಮೀ. ಬೋರಿನವೂ ಇವೆ. ಹೊರಗಿನಿಂದ ನೋಡಿದರೆ ಅವೂ ನಿನ್ನದರ ಹಾಗೆಯೇ ಕಾಣುತ್ತವೆ.

ಮೂಲ ಲಿಸ್ಟರ್ ಇಂಗ್ಲೆಂಡಿನ ಡರ್ಸ್ಲಿಯದು, 1867ರಲ್ಲಿ ಶುರುವಾದ ಕಂಪನಿ. ಅವರ ಸಿಎಸ್ ಎಂಜಿನು 1930ರ ಸುಮಾರಿಗೆ ಬಂದಿತು. ಸಿಎಸ್ ಎಂದರೆ ಕೋಲ್ಡ್ ಸ್ಟಾರ್ಟ್. ಮೊದಲು ಬೆಂಕಿ ಹಿಡಿದು ಸಿಲಿಂಡರಿನ ತಲೆ (ಹೆಡ್) ಕಾಯಿಸುವ ಕೆಲಸವಿಲ್ಲ, ಹ್ಯಾಂಡಲ್ ತಿರುಗಿಸಿದರೆ ಸಾಕು. ಅಲ್ಲಿ 1987ರಲ್ಲಿ ನಿಂತುಹೋದರೂ ರಾಜ್‌ಕೋಟಿನವರು ಅದೇ ನಮೂನೆಯನ್ನು ಎರಕ ಹೊಯ್ಯುತ್ತಲೇ ಇದ್ದರು. ಆದ್ದರಿಂದ ಬಿಡಿಭಾಗಕ್ಕೆ ಬರವಿಲ್ಲ. ಆದರೆ ಒಂದು ಕಾರ್ಖಾನೆಯ ಭಾಗ ಇನ್ನೊಂದರ ಎಂಜಿನಿಗೆ ಸರಿಯಾಗಿ ಹೊಂದುವುದಿಲ್ಲ. ಒಂದರಲ್ಲಿ ಕ್ರ್ಯಾಂಕಿಗೆ (ಗಾಲಿಗಳು ಕೂತಿರುವ ದಂಡಕ್ಕೆ) ಬುಷ್, ಇನ್ನೊಂದರಲ್ಲಿ ಟೇಪರ್ ರೋಲರ್ ಬೇರಿಂಗು. ಒಂದರಲ್ಲಿ ಬೋಲ್ಟುಗಳಿಗೆ ಇಂಚಿನ ಆಟೆ (ತಿರುಪು), ಇನ್ನೊಂದರಲ್ಲಿ ಮಿಲಿಮೀಟರಿನದು, ಕೆಲವುಗಳಲ್ಲಿ ಎರಡೂ ಬೆರೆತಿರುತ್ತವೆ. ಮೊಬೈಲಿನಲ್ಲಿ ಫೋಟೊ ಕಳಿಸಿ ತರಿಸುವುದು ಬೇಡ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡು ಹೋಗು.

ಈಗ ಬಡಿತ. ಎಲ್ಲರೂ ಇದು ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗು) ಎಂದು ಬಿಚ್ಚಿ ಕೂರುತ್ತಾರೆ. ನೀನು ಮೊದಲು ಗಾಲಿಯ ಚಾವಿ ನೋಡು. ಕ್ರ್ಯಾಂಕಿಗೂ ಗಾಲಿಗೂ ನಡುವೆ ಬಡಿದಿರುವ, ತಲೆಯುಳ್ಳ ಉಕ್ಕಿನ ಬೆಣೆ ಅದು. ಕೂದಲೆಳೆಯಷ್ಟು ಸಡಿಲವಾದರೂ ಭಾರ ಬಿದ್ದಾಗ ಬೇರಿಂಗು ಹೋದಂತೆಯೇ ಸದ್ದು ಕೊಡುತ್ತದೆ. ಎಂಜಿನು ನಿಂತಿರುವಾಗ ಒಬ್ಬರು ಒಂದು ಗಾಲಿಯನ್ನು ಅದುಮಿ ಹಿಡಿಯಲಿ, ನೀನು ಇನ್ನೊಂದನ್ನು ಹಿಂದೆ ಮುಂದೆ ಅಲ್ಲಾಡಿಸು. ಚಾವಿಯ ಬುಡದಲ್ಲಿ ಕೆಂಪು ತುಕ್ಕಿನ ಪುಡಿ ಉದುರುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ. ಹೊಸ ಚಾವಿಯನ್ನು ಅದರ ಸೀಳಿಗೆ ಹೊಂದುವಂತೆ ಅರದಿಂದ ತಿಕ್ಕಿ ಕೂರಿಸಬೇಕು, ತಗಡಿನ ಚೂರು ತುರುಕಬಾರದು. ಗಾಲಿ ಎರಕದ ಕಬ್ಬಿಣ. ಕಡ್ಡಿಗಳಲ್ಲಿ, ನಾಭಿಯಲ್ಲಿ ಬಿರುಕಿದೆಯೇ ನೋಡು. ಬಿರುಕಿದ್ದರೆ ಎಂಜಿನು ಚಾಲೂ ಮಾಡಲೇಬೇಡ.

ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಬೋರನ್ನು ಮೇಲೆ, ನಡುವೆ, ಕೆಳಗೆ, ಅಡ್ಡಲಾಗಿ ಮತ್ತು ಉದ್ದಕ್ಕೆ ಅಳೆಸು. ರಿಂಗು ತಿರುಗಿ ನಿಲ್ಲುವ ಮೇಲ್ಭಾಗದಲ್ಲಿ ಸವೆತ ಹೆಚ್ಚಾಗಿರುತ್ತದೆ. ಅಲ್ಲಿ ಅಂಡಾಕಾರವಾಗಿದ್ದರೆ ಹೊಸ ರಿಂಗು ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನು ಕೊರೆಸಿ ಓವರ್‌ಸೈಜ್ (ತುಸು ದೊಡ್ಡ ಅಳತೆಯ) ಪಿಸ್ಟನ್ ಹಾಕಬೇಕು. ಪಿಸ್ಟನ್ ಮೊದಲು ಕೊಂಡು, ಅದನ್ನೇ ಸಿಲಿಂಡರ್ ಕೊರೆಯುವ ಬೋರಿಂಗಿನವರ ಕೈಗೆ ಕೊಡು. ಪೊಟ್ಟಣದ ಮೇಲಿನ ಅಂಕಿ ನಂಬಿ ಬೋರ್ ಮಾಡಿಸಿದವರು ಅತ್ತದ್ದನ್ನು ಕಂಡಿದ್ದೇನೆ.

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ತಾರಿಹಾಳದಲ್ಲಿ ಲೇತ್ ಕೆಲಸ ಆಗುತ್ತದೆ. ಎರಕದ ಕೆಲಸ ಬಿದ್ದರೆ ಬೆಳಗಾವಿಯ ಉದ್ಯಮಬಾಗ ಇದೆ. ನಾಜಲ್ ಮತ್ತು ಪಂಪಿನ ಎಲಿಮೆಂಟನ್ನು ಟ್ರ್ಯಾಕ್ಟರು, ಲಾರಿಗಳ ಡೀಸೆಲ್ ಪಂಪು ರಿಪೇರಿಯವರ ಬಳಿ ಪರೀಕ್ಷಿಸು. ಆ ಕೆಲಸಕ್ಕೆ ಊರು ಬಿಡಬೇಕಿಲ್ಲ.

ಗುಜರಿಯವನಿಗೆ ನಿನ್ನದನ್ನು ಕೊಡಬೇಡ, ಅವನಿಂದ ಇನ್ನೊಂದನ್ನು ತಾ. ಬ್ಲಾಕ್ ಒಡೆದು ಸತ್ತ ಅದೇ ಮಾದರಿಯ ಎಂಜಿನು ಸಿಕ್ಕರೆ ಗಾಲಿ, ಗವರ್ನರ್, ರಾಕರ್, ಪಂಪು ಎಲ್ಲ ಒಟ್ಟಿಗೆ ಬರುತ್ತವೆ.

ರಾಣೆಬೆನ್ನೂರಿನ ಪಂಪ್‌ಸೆಟ್ ಮೆಕ್ಯಾನಿಕ್:

ಹಿರಿಯರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ರಾಜ್‌ಕೋಟಿನಿಂದ ಹೊಸ ಬ್ಲಾಕ್ ಅಥವಾ ಹೆಡ್ ತರಿಸಿದರೆ ಒಳಗೆ ಎರಕದ ಮರಳು ಉಳಿದಿರಬಹುದು. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಮೂಲೆಗಳನ್ನು ತಂತಿಯ ಬ್ರಷ್ಷಿನಿಂದ ಕೆರೆದು, ಮತ್ತೆ ತೊಳೆಯಿರಿ. ಈ ಎಂಜಿನಿನಲ್ಲಿ ಕನೆಕ್ಟಿಂಗ್ ರಾಡಿನ ತುದಿಯ ಚಮಚವೇ ಎಣ್ಣೆ ಸಿಡಿಸಿ ಎಲ್ಲಕ್ಕೂ ಹಂಚುತ್ತದೆ, ನಡುವೆ ಫಿಲ್ಟರ್ ಇಲ್ಲ. ಮರಳು ಉಳಿದರೆ ನೇರವಾಗಿ ಬೇರಿಂಗಿಗೆ ಹೋಗುತ್ತದೆ.

ಇನ್ನೊಂದು, ಹೊಸ ಪಿಸ್ಟನ್ನಿನ ಎತ್ತರ ಹಳೆಯದರಷ್ಟೇ ಇರುತ್ತದೆ ಎಂದುಕೊಳ್ಳಬೇಡಿ. ಪಿಸ್ಟನ್ ತಲೆಯ ಮೇಲೆ ಮೃದುವಾದ ಸೀಸದ ತಂತಿಯ ಚೂರು ಇಟ್ಟು ಹೆಡ್ ಬಿಗಿಮಾಡಿ, ಗಾಲಿಯನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ತೆಗೆದು ಅಳೆಯಿರಿ. ಒಂದೂವರೆ ಮಿ.ಮೀ. ಆಸುಪಾಸಿನಲ್ಲಿರಬೇಕು. ಕಡಿಮೆಯಿದ್ದರೆ ಬ್ಲಾಕಿನ ಬುಡಕ್ಕೆ ಪ್ಯಾಕಿಂಗ್ ಸೇರಿಸಿ.

ವರದಾ ದಂಡೆಯವ:

ಕಾಕಾ, ನೀವು ಹೇಳಿದಂತೆ ತಮ್ಮನನ್ನು ಕರೆದು ಗಾಲಿ ಅಲ್ಲಾಡಿಸಿ ನೋಡಿದೆ. ಪಟ್ಟಾ ಇರುವ ಬದಿಯ ಗಾಲಿ ಸ್ವಲ್ಪ ಆಡುತ್ತದೆ, ಚಾವಿಯ ಸುತ್ತ ಕೆಂಪು ಪುಡಿಯೂ ಇದೆ. ಬಿರುಕು ಕಾಣಲಿಲ್ಲ. ಆದರೆ ಚಾವಿ ಹೊರಗೆ ಬರುತ್ತಿಲ್ಲ. ಗಾಲಿಯ ಹಿಂದಿನಿಂದ ದೊಡ್ಡ ಸುತ್ತಿಗೆಯಲ್ಲಿ ಹೊಡೆಯಬಹುದೇ? ಬೆಟಗೇರಿ ಅಣ್ಣನವರಿಗೂ ವಂದನೆ. ಮೋಟಾರಿಗೆ ದುಡ್ಡು ಕೂಡಿದಾಗ ಪುಲಿಯ ವಿಷಯ ಖಂಡಿತ ಕೇಳುತ್ತೇನೆ.

ಹಳೆಯ ಟರ್ನರ್, ಹುಬ್ಬಳ್ಳಿ:

ಗಾಲಿಗೆ ಸುತ್ತಿಗೆ ತಾಗಿಸಬೇಡ! ಎರಕ ಸೀಳುತ್ತದೆ. ಚಾವಿಯ ತಲೆಗೂ ಗಾಲಿಯ ನಾಭಿಗೂ ನಡುವಿನ ಸಂದಿನಲ್ಲಿ ಎರಡು ಉಕ್ಕಿನ ಬೆಣೆಗಳನ್ನು ಎದುರುಬದುರಾಗಿ ಇಟ್ಟು ಬಡಿ, ತಲೆ ತಾನಾಗಿ ಹೊರಗೆ ದಬ್ಬಿಕೊಂಡು ಬರುತ್ತದೆ. ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟು ನೆನೆಸಿಡು. ಹಟಮಾರಿಯಾದರೆ ನಾಭಿಯನ್ನು ಸ್ವಲ್ಪ ಕಾಯಿಸು, ಚಾವಿಯನ್ನಲ್ಲ. ಗಾಲಿಯ ಕೆಳಗೆ ಮರದ ದಿಮ್ಮಿ ಕೊಟ್ಟಿರು, ಚಾವಿ ಬಿಟ್ಟ ಮೇಲೆ ಜಾರಿ ಕಾಲಿನ ಮೇಲೆ ಬಿದ್ದೀತು. ಹೊರಬಂದ ಚಾವಿಯನ್ನು ಎಸೆಯದೆ ಹುಬ್ಬಳ್ಳಿಗೆ ತಾ, ಅದರ ಇಳಿಜಾರು ನೋಡಿಕೊಂಡೇ ಹೊಸದನ್ನು ಕೊರೆಯಬೇಕು.