‘ಗುಂಡಿನೊಳಗೆ ಗುಂಡು’ ಆಗಿಬಿಟ್ಟಿದೆ, ನಾಳೆಯೊಳಗೆ ಪದ ಬೇಕು

ಬದಿಯಡ್ಕದಿಂದ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಪಿಸ್ತೂಲು ಹವ್ಯಾಸಿಯೊಬ್ಬರ ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆಗೆ ಕೊಡಬೇಕು. ಅಲ್ಲಿ ಸೀಸ ಕರಗಿಸಿ ತಾವೇ ಬುಲೆಟ್ ಮಾಡಿಕೊಂಡು, ಹೊಡೆದು ಖಾಲಿಯಾದ ಹಿತ್ತಾಳೆ ಕೇಸಿಗೆ ಕೂರಿಸುತ್ತಾರೆ. ಅದಕ್ಕೆ ರೀಲೋಡಿಂಗ್ ಅಂತಾರೆ. ನಾನು ಬುಲೆಟ್, ಅದು ಕೂತಿರುವ ಇಡೀ ಕಾರ್ಟ್ರಿಜ್ ಎರಡಕ್ಕೂ ‘ಗುಂಡು’ ಅಂತ ಬರೆದೆ. ಈಗ ‘ಗುಂಡಿನೊಳಗೆ ಗುಂಡು ಕೂರಿಸಿ’ ಅಂತ ಆಗಿದೆ. ಕಾರ್ಟ್ರಿಜ್‌ಗೆ, ರೀಲೋಡಿಂಗ್‌ಗೆ, ಹೀಗೆ ಕರಗಿಸಿ ಮಾಡಿದ ಕಾಸ್ಟ್ ಬುಲೆಟ್‌ಗೆ ಏನನ್ನಲಿ?

ಅಕ್ಕಲಕೋಟೆಯಿಂದ:
ಕಾರ್ಟ್ರಿಜ್‌ಗೆ ಕಾಡತೂಸು. ಮರಾಠಿಯಲ್ಲೂ ಅದೇ, ಕನ್ನಡ ಪೇಪರಿನಲ್ಲೂ ಅದೇ. ರೀಲೋಡಿಂಗ್ ಅಂದರೆ ಮರುಪೂರಣ. ಇಷ್ಟಕ್ಕೆ ಚರ್ಚೆ ಯಾಕೆ?

ಮಂಜೇಶ್ವರದಿಂದ:
ಮೊದಲು ‘ಸೀಸ’ ತೆಗೆಯಿರಿ. ಅದು ಸಂಸ್ಕೃತ. ತಮಿಳು, ಮಲಯಾಳದಲ್ಲಿ ‘ಈಯಂ’ ಇದೆ. ನಾವೂ ‘ಈಯ’ ಅನ್ನೋಣ.

ಕುಂಬಳೆಯಿಂದ:
ಮರುಪೂರಣ ಬೇಡವೇ ಬೇಡ. ಅದು ಅಂತರ್ಜಲಕ್ಕೆ ಆಯಿತು, ಪಿಸ್ತೂಲಿಗಲ್ಲ. ಕಾಡತೂಸು ತಪ್ಪಲ್ಲ, ಆದರೆ ನಮ್ಮ ಕಡೆ ಕೋವಿ ಇಟ್ಟುಕೊಂಡವರ ಮಾತು ಕೇಳಿ. ಅವರಿಗೆ ಕೇಪಿನ ಕೋವಿ ಬೇರೆ, ತೋಟೆ ಕೋವಿ ಬೇರೆ. ಕೇಪು ಅಂದರೆ ಕಿಡಿ ಹೊತ್ತಿಸುವ ಬಿಲ್ಲೆ. ಕೇಪು, ಮದ್ದು, ಗುಂಡು ಮೂರೂ ಒಂದೇ ಕೊಳವೆಯಲ್ಲಿ ಇದ್ದರೆ ಅದು ತೋಟೆ. ಹಾರಿ ಹೋಗುವುದು ಗುಂಡು. ಹಿತ್ತಾಳೆ ಹಿಂದೆ ಉಳಿಯುತ್ತದೆ, ಅದು ಖಾಲಿ ತೋಟೆ. ರೀಲೋಡಿಂಗ್‌ಗೆ ‘ಖಾಲಿ ತೋಟೆ ತುಂಬುವುದು’ ಅಂದರೆ ಸಾಕು. ಮೊದಲ ಸಲ ಮಾತ್ರ ‘ಪಿಸ್ತೂಲಿನ ತೋಟೆ’ ಅಂತ ಬರೆಯಿರಿ. ಇಲ್ಲದಿದ್ದರೆ ಇಲ್ಲಿನವರು ಹೊಳೆಗೆ ತೋಟೆ ಹಾಕಿ ಮೀನು ಹಿಡಿಯೋದು ಅಂದುಕೊಳ್ಳುತ್ತಾರೆ.

ಲೇಖನದಲ್ಲಿ ‘ರೌಂಡ್’, ಅಂದರೆ ಒಂದು ಸಲ ಹೊಡೆಯುವಷ್ಟು, ಬಂದೇ ಬರುತ್ತದೆ. ಅದಕ್ಕೆ ‘ಈಡು’ ಇದೆ. 50 ರೌಂಡ್ ಅಂದರೆ 50 ಈಡು. ಕ್ರಿಯಾಪದದ ಮೊದಲ ಅಕ್ಷರ ಎಳೆದರೆ ನಾಮಪದ: ಕೆಡು, ಕೇಡು, ಪಡು, ಪಾಡು, ಹಾಗೇ ಇಡು, ಈಡು. ಇಂಥ ಅಚ್ಚುಕಟ್ಟಾದ ಪದ ಮೂಲೆಗೆ ಬಿದ್ದಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಸ್ಟ್ ಬುಲೆಟ್‌ಗೆ ‘ಎರಕದ ಗುಂಡು’. ‘ಅಚ್ಚಿನ ಗುಂಡು’ ಅನ್ನಬೇಡಿ. ಸೀಸವನ್ನು ಕರಗಿಸದೆ, ತಣ್ಣಗಿರುವಾಗಲೇ ಅಚ್ಚಿಗೆ ಒತ್ತಿ ಮಾಡುವ ಗುಂಡೂ ಇದೆ. ಎರಕ ಅಂದರೆ ಕರಗಿಸಿ ಹೊಯ್ದದ್ದೇ. ನಮ್ಮ ಹೊಳೆಬದಿಯಲ್ಲಿ ಬೀಸು ಬಲೆಯ ಅಂಚಿಗೆ ಸೀಸದ ಮಣಿ ಹೊಯ್ಯುವುದನ್ನು ಚಿಕ್ಕಂದಿನಲ್ಲಿ ಕೂತು ನೋಡಿದ್ದೇನೆ. ಮೊದಲ ಒಂದೆರಡು ಮಣಿ ಯಾವಾಗಲೂ ಸುಕ್ಕು ಬೀಳುತ್ತಿದ್ದವು, ಅಚ್ಚು ಇನ್ನೂ ಕಾದಿರುತ್ತಿರಲಿಲ್ಲ. ಅವನ್ನು ಮತ್ತೆ ಸೌಟಿಗೇ ಹಾಕುತ್ತಿದ್ದರು. ಗುಂಡಿನ ಕತೆಯೂ ಅದೇ. ಲೇಖನದಲ್ಲಿ ಸುಕ್ಕಿನ ಮಾತು ಬಂದರೆ ‘ಸುಕ್ಕು’ ಅಂತಲೇ ಬರೆಯಿರಿ.

ಇನ್ನು ‘ಈಯ’. ಮಲಯಾಳದಲ್ಲಿ ಕಾರೀಯಂ ಅಂದರೆ ಸೀಸ, ವೆಳುತ್ತೀಯಂ ಅಂದರೆ ತವರ. ಎರಕದ ಗುಂಡಿಗೆ ಸೀಸದ ಜೊತೆ ತವರವನ್ನೂ ಸೇರಿಸುತ್ತಾರೆ, ಅಚ್ಚಿನ ಮೂಲೆ ಮೂಲೆಗೂ ಚೆನ್ನಾಗಿ ತುಂಬಲಿ ಅಂತ. ಗಟ್ಟಿ ಆಗಲಿ ಅಂತ ಆಂಟಿಮನಿ ಬೇರೆ. ಸುಮ್ನೆ ‘ಈಯ’ ಅಂದರೆ ಓದುವವನಿಗೆ ಯಾವುದು ಅಂತ ಗೊತ್ತಾಗುತ್ತದೆ? ಸೀಸ ಎಲ್ಲಿಂದಲೇ ಬಂದಿರಲಿ, ಅದು ಜನರ ಬಾಯಲ್ಲಿದೆ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಕನ್ನಡ ಉಳಿಸಿಕೊಳ್ಳಲು ಒದ್ದಾಡುತ್ತಿದ್ದೇವೆ. ಬಸ್ಸಿನ ಬೋರ್ಡು ಮಲಯಾಳದಲ್ಲಿ ಓದುತ್ತೇವೆ. ಬಾಯಲ್ಲಿರುವ ಪದವನ್ನೂ ನಾವೇ ಬಿಟ್ಟುಕೊಡಬೇಕಾ?

ಬದಿಯಡ್ಕದವರೇ, ನಿಮ್ಮ ಆ ವಾಕ್ಯವನ್ನು ಹೀಗೆ ತಿದ್ದಿ: ‘ಎರಕದ ಗುಂಡನ್ನು ತೋಟೆಯ ಬಾಯಿಗೆ ಕೂರಿಸಿ.’