ಭಾವ, ಸೊಕ್ಕಿನಿಂದ ಯಾರೂ ಗುಳಿಗೆ ಬಿಡೂದಿಲ್ಲ

ಭಾವ, ಬೆಳಿಗ್ಗೆ ನೀವು ಗ್ರೂಪಲ್ಲಿ ಹಾಕಿದ್ದು ಈಗಷ್ಟೇ ನೋಡಿದೆ. ಎಚ್‌ಐವಿಗೆ ಸರ್ಕಾರ ಪುಕ್ಕಟೆ ಗುಳಿಗೆ ಕೊಡ್ತದೆ, ಆದ್ರೂ ಅರ್ಧದಲ್ಲಿ ಬಿಡ್ತಾರೆ ಅಂದ್ರೆ ಅದು ಸೊಕ್ಕಲ್ಲದೆ ಮತ್ತೆಂತ ಅಂತ ಕೇಳಿದ್ರಲ್ಲ. ಅತ್ತಿಗೆ ಕೆಳಗೆ ಕೇಳಿದ್ದಾರೆ, ಬಿಟ್ಟವರು ವಾಪಸ್ ಹೋದ್ರೆ ಕೊಡ್ತಾರಾ ಅಂತ. ಅದು ಸರಿಯಾದ ಪ್ರಶ್ನೆ, ಅದಕ್ಕೆ ಆಮೇಲೆ ಬರ್ತೇನೆ. ನಾನು ಹಿಂದೆ ಕೆಲವು ವರ್ಷ ಕೌನ್ಸೆಲಿಂಗ್ ಕೆಲಸದಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತುಂಟು, ಯಾರ ಹೆಸರೂ ಊರೂ ಹೇಳೂದಿಲ್ಲ, ಕೇಳ್ಲೂ ಬೇಡಿ.

ಪುಕ್ಕಟೆ ಹೌದು, 2004ರಿಂದ ಕೊಡ್ತಿದ್ದಾರೆ. ಆದ್ರೆ ಗುಳಿಗೆ ಮಾತ್ರ ಪುಕ್ಕಟೆ ಮಾರಾಯ್ರೇ, ಅದನ್ನು ತರ್ಲಿಕ್ಕೆ ಹೋಗೂದು ಪುಕ್ಕಟೆ ಅಲ್ಲ. ಉಡುಪಿ ಕಡೆಯವರಿಗೆ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲೇ ಎಆರ್‌ಟಿ ಸೆಂಟರ್ ಉಂಟು, ಅಂದ್ರೆ ಈ ಗುಳಿಗೆ ಕೊಡುವ ಜಾಗ, ಇಲ್ಲಿ ಮಂಗಳೂರಲ್ಲಿ ವೆನ್ಲಾಕ್ ಆಸ್ಪತ್ರೆಯಲ್ಲಿ ಉಂಟು. ಆದ್ರೆ ಹತ್ತಿರ ಇದ್ದದ್ದೇ ಸಮಸ್ಯೆ, ಲೈನಲ್ಲಿ ಕೂತಾಗ ಪಕ್ಕದ ಮನೆಯವರ ಸೊಸೆಯೋ ಸಂಘದವರೋ ಕಂಡ್ರೆ ಮುಗೀತು ಅಂತ ಹೆದರಿ ಬೇಕಂತ್ಲೇ ದೂರದ ಊರಿನ ಸೆಂಟರ್ ಹಿಡೀತಾರೆ. ಮೊದಲು ಎರಡು ಮೂರು ವರ್ಷ ಹೇಗೋ ಹೋಗಿ ಬರ್ತಾರೆ. ಆಮೇಲೆ ಬಸ್ಸಿಗೆ ದುಡ್ಡು, ಒಂದು ದಿನದ ಕೂಲಿ ಹೋಯ್ತು, ಮನೆಯಲ್ಲಿ ಎಲ್ಲಿಗೆ ಹೋದದ್ದು ಅಂತ ಕೇಳಿದ್ರೆ ಪ್ರತಿ ಸಲ ಹೊಸ ಸುಳ್ಳು. ಹೆಂಗಸರಿಗೆ 2023ರಿಂದ ಸರ್ಕಾರಿ ಬಸ್ ಫ್ರೀ ಅಂತೀರಿ, ನಮ್ಮ ಕರಾವಳಿಯಲ್ಲಿ ಓಡೂದು ಜಾಸ್ತಿ ಪ್ರೈವೇಟ್ ಬಸ್ಸಲ್ವಾ, ಬೀಡಿ ಕಟ್ಟಿ ದುಡಿಯೂವವಳು ಟಿಕೆಟ್ ಕೊಟ್ಟೇ ಹೋಗ್ಬೇಕು. ಮುಚ್ಚಿಡ್ಲಿಕ್ಕೆ ಅಂತ ಆರಿಸಿಕೊಂಡ ದೂರ ಉಂಟಲ್ಲ, ಕೊನೆಗೆ ಅದೇ ಬಿಡ್ಲಿಕ್ಕೆ ಕಾರಣ ಆಗ್ತದೆ.

ಮತ್ತೆ ಮನೆಯೊಳಗಿನ ಕಥೆ. ಒಬ್ರು ಗುಳಿಗೆ ಡಬ್ಬಿಯನ್ನು ಅಕ್ಕಿ ಡ್ರಮ್ಮಿನೊಳಗೆ ಹುಗಿದಿಡ್ತಿದ್ರು, ಲೇಬಲ್ ಉಗುರಲ್ಲಿ ಕೆರೆದು ತೆಗೆದು. ಗಂಡ ಇಲ್ಲ, ಅತ್ತೆಗೆ ವಿಷಯ ಗೊತ್ತಿಲ್ಲ. ದಿನಾ ರಾತ್ರಿ ಅಡಿಗೆ ಮನೆ ಖಾಲಿ ಆದ ಮೇಲೆ ತೆಗೆದು ನುಂಗೂದು. ನಾದಿನಿ ಮದುವೆ ಬಂತು, ಮನೆ ತುಂಬ ನೆಂಟರು, ರಾತ್ರಿ ಒಂದು ಗಂಟೆಗೂ ಒಲೆ ಹತ್ರ ಯಾರಾದ್ರೂ ಇದ್ದೇ ಇರ್ತಾರೆ, ಆ ಡ್ರಮ್ಮಿಗೆ ಕೈ ಹಾಕ್ಲಿಕ್ಕೇ ಆಗ್ಲಿಲ್ಲ. ಅಲ್ಲಿಗೆ ತಪ್ಪಿದ್ದು. ಬೋಟಿಗೆ ಹೋಗುವ ಗಂಡಸರದ್ದು ಇನ್ನೊಂದು ತರ, ಮಲ್ಪೆಯಿಂದ ಆಳ ಸಮುದ್ರಕ್ಕೆ ಹೋದ್ರೆ ವಾರಗಟ್ಲೆ ಎಲ್ಲರೂ ಒಟ್ಟಿಗೆ ಮಲಗೂದು, ಚೀಲದಲ್ಲಿ ಡಬ್ಬಿ ಗಲಗಲ ಅಂದ್ರೆ ಎಂತ ಅದು ಅಂತ ಕೇಳ್ತಾರೆ. ಶಬ್ದ ಬಾರದ ಹಾಗೆ ಒಳಗೆ ಹತ್ತಿ ತುರುಕಿಕೊಂಡು ಹೋಗ್ತಿದ್ದವರು ಇದ್ರು. ಇದನ್ನೆಲ್ಲ ಸೊಕ್ಕು ಅಂತ ಹೇಳ್ತೀರಾ ಭಾವ?

ಇನ್ನು ಕೆಲವರು ಬಿಡೂದು ಚೆನ್ನಾಗಿದ್ದಾರೆ ಅಂತ. ರಿಪೋರ್ಟಲ್ಲಿ ವೈರಸ್ ಕಾಣ್ತಿಲ್ಲ ಅಂತ ಬಂತು, ತೂಕ ಏರಿತು, ಕೆಲಸಕ್ಕೆ ಹೋಗ್ತಿದ್ದಾರೆ, ಇನ್ನು ಎಂತಕ್ಕೆ ಅಂತ. ಯಾರಿಗೂ ಬರುವ ಯೋಚನೆ ಅದು, ನಾವು ಜ್ವರ ಬಿಟ್ಟ ಕೂಡ್ಲೇ ಆಂಟಿಬಯೋಟಿಕ್ ಬಿಡೂದಿಲ್ವಾ. ಆದ್ರೆ ವೈರಸ್ ಹೋಗಿರೂದಿಲ್ಲ, ಕೆಲವು ಜೀವಕೋಶದೊಳಗೆ ಅಡಗಿ ಕೂತಿರ್ತದೆ, ಗುಳಿಗೆ ನಿಂತ್ರೆ ಕೆಲವೇ ವಾರದಲ್ಲಿ ರಕ್ತದಲ್ಲಿ ಮತ್ತೆ ಏರ್ತದೆ. ಡಾಕ್ಟ್ರುಗಳೂ ಒಂದು ಕಾಲದಲ್ಲಿ ಸಿಡಿ4 (ರೋಗದ ಎದುರು ಹೋರಾಡುವ ರಕ್ತಕಣದ ಲೆಕ್ಕ) ಚೆನ್ನಾಗಿದ್ರೆ ನಡುವೆ ನಿಲ್ಲಿಸ್ಬಹುದಾ ಅಂತ ನೋಡಿದ್ದಾರೆ, ಸ್ಮಾರ್ಟ್ ಅಂತ ದೊಡ್ಡ ಅಧ್ಯಯನ, 33 ದೇಶದ 5,472 ಜನ, 2006ರಲ್ಲಿ ಪ್ರಕಟ ಆಯ್ತು. ನಿಲ್ಲಿಸಿ ನಿಲ್ಲಿಸಿ ಕೊಟ್ಟವರಲ್ಲಿ ಸಾವು, ದೊಡ್ಡ ಸೋಂಕು ಎರಡೂ ಒಟ್ಟು ಸೇರಿಸಿ ನೋಡಿದ್ರೆ, ನಿಲ್ಲಿಸದೆ ತಕೊಂಡವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಸಣ್ಣ ವಿಷಯ ಅಲ್ಲ.

ಕುಡಿದ ದಿನ ಗುಳಿಗೆ ತಕೊಂಡ್ರೆ ವಿಷ ಆಗ್ತದೆ ಅಂತ ಬಿಡುವವರೂ ಉಂಟು. ಕುಡಿಯೂದು ಒಳ್ಳೇದಲ್ಲ ಸರಿ, ಆದ್ರೆ ಕುಡಿದದ್ದಕ್ಕೆ ಗುಳಿಗೆ ತಪ್ಪಿಸೂದು ಇನ್ನೂ ಕೆಟ್ಟದ್ದು. ಹಿಂದೆ ಎಫಾವಿರೆಂಜ್ ಅಂತ ಒಂದು ಔಷಧ ಕೊಡ್ತಿದ್ರು, ರಾತ್ರಿ ತಲೆ ತಿರುಗೂದು, ಎಂತೆಂತದೋ ಕನಸು, ಅದಕ್ಕೇ ಬಿಟ್ಟವರು ಈಗಲೂ ಅದೇ ಹೆದರಿಕೆಯಲ್ಲಿದ್ದಾರೆ. ಈಗ ಕೊಡೂದು ಡೊಲುಟೆಗ್ರಾವಿರ್ ಸೇರಿ ಮೂರು ಔಷಧ ಒಂದೇ ಗುಳಿಗೆಯಲ್ಲಿರುವ ಟಿಎಲ್‌ಡಿ, ದಿನಕ್ಕೆ ಒಂದೇ, ಹೆಚ್ಚಿನವರಿಗೆ ಅಷ್ಟು ತೊಂದ್ರೆ ಇಲ್ಲ. ಅದು ಅವರ ಕಿವಿಗೆ ತಲುಪಲೇ ಇಲ್ಲ. ಇನ್ನು ಗುಣ ಮಾಡುವ ಕಷಾಯ ಅಂತ ಫಾರ್ವರ್ಡ್ ಬರ್ತದಲ್ಲ, ಏಡ್ಸ್ ಗುಣ ಮಾಡ್ತೇವೆ ಅಂತ ಹೇಳಿ ಔಷಧ ಮಾರೂದೇ ಕಾನೂನಿಗೆ ವಿರುದ್ಧ, ದಯವಿಟ್ಟು ಇಲ್ಲಿ ಹಾಕ್ಬೇಡಿ.

ನನ್ನ ಲೆಕ್ಕದಲ್ಲಿ ಇದಕ್ಕಿಂತೆಲ್ಲ ದೊಡ್ಡ ಕಾರಣ ಬೇರೆ ಉಂಟು. ಒಂದು ವಾರ, ಒಂದು ತಿಂಗಳು ತಪ್ಪೂದು ಯಾರಿಗೂ ಆಗ್ತದೆ. ಆಮೇಲೆ ಹೋಗ್ಲಿಕ್ಕೆ ಮುಖ ಇಲ್ಲ. ಒಂದು ಕಡೆ ನಾನೇ ಕಣ್ಣಾರೆ ನೋಡಿದ್ದೇನೆ, ಆರು ತಿಂಗಳು ಬಿಟ್ಟು ಬಂದವರನ್ನು ಕೌಂಟರಲ್ಲಿ ಎಲ್ಲರ ಎದುರು "ಇಷ್ಟು ದಿನ ಎಲ್ಲಿ ಸತ್ತಿದ್ದಿ" ಅಂತ ಬೈದದ್ದು. ಆ ಮನುಷ್ಯ ಚೀಟಿ ಅಲ್ಲೇ ಇಟ್ಟು ಹೊರಗೆ ಹೋದದ್ದು, ಮತ್ತೆ ಬರ್ಲಿಲ್ಲ. ತಪ್ಪಿದ್ದು ಅವನದ್ದು ಇರ್ಬಹುದು, ಪೂರ್ತಿ ಬಿಟ್ಟದ್ದು ಆ ಬೈಗುಳದಿಂದ. ನಿಮ್ಮ ಮೆಸೇಜ್ ಕೂಡ ಅದೇ ಕೆಲಸ ಮಾಡ್ತದೆ ಭಾವ, ಬೇಜಾರು ಮಾಡ್ಬೇಡಿ, ಈ ಗ್ರೂಪಲ್ಲೇ ನೂರಾರು ಜನ ಇದ್ದೇವೆ, ಯಾರ ಮನೆಯಲ್ಲಿ ಎಂತ ಉಂಟು ನಮಗೆಂತ ಗೊತ್ತು.

ಈಗ ಅತ್ತಿಗೆಗೆ. ಹೌದು, ಕೊಡ್ತಾರೆ, ಎಷ್ಟು ವರ್ಷ ಬಿಟ್ಟಿದ್ರೂ ಕೊಡ್ತಾರೆ. ರಕ್ತ ಪರೀಕ್ಷೆ ಮಾಡ್ತಾರೆ, ಟಿಬಿ ಉಂಟಾ ನೋಡ್ತಾರೆ, ಆಮೇಲೆ ಶುರು ಮಾಡ್ತಾರೆ. ಮನೆಯಲ್ಲಿ ಉಳಿದ ಹಳೇ ಗುಳಿಗೆಯನ್ನು ತಾವೇ ಶುರು ಮಾಡೂದು ಬೇಡ. ದೂರ ಆಗ್ತದೆ ಅಂದ್ರೆ ಬೇರೆ ಸೆಂಟರಿಗೆ ವರ್ಗ ಮಾಡಿಸ್ಬಹುದು, ಆರೋಗ್ಯ ಸ್ಥಿರ ಇದ್ದವರಿಗೆ ಕೆಲವು ತಿಂಗಳದ್ದು ಒಟ್ಟಿಗೆ ಕೊಡೂದೂ ಉಂಟು, ಕೇಳ್ಬೇಕು. ವಿಷಯ ಹೊರಗೆ ಹೇಳುವ ಹಾಗಿಲ್ಲ ಅಂತ 2017ರ ಕಾಯ್ದೆಯೇ ಉಂಟು. ಹೆಸರು ಹೇಳದೆ ಮೊದಲು ಕೇಳ್ಬೇಕಿದ್ರೆ 1097ಕ್ಕೆ ಫೋನ್ ಮಾಡ್ಲಿ, ದುಡ್ಡಿಲ್ಲ. ಸೆಂಟರಲ್ಲಿ ಕೊಟ್ಟ ಹಳೇ ಚಿಕಿತ್ಸೆ ಬುಕ್ ಇದ್ರೆ ಹಿಡ್ಕೊಂಡು ಹೋಗ್ಲಿ, ಕಳೆದುಹೋಗಿದ್ರೆ ಹಾಗೇ ಹೋಗ್ಲಿ. ಒಟ್ಟಿಗೆ ಯಾರಾದ್ರೂ ಬೇಕಿದ್ರೆ ನನಗೆ ಪ್ರೈವೇಟಾಗಿ ಮೆಸೇಜ್ ಹಾಕಿ, ಯಾರಿಗೆ ಅಂತ ಕೇಳೂದಿಲ್ಲ.