ಜಪಾನಿನ ಶಾಲೆಗಳಲ್ಲಿ ಹೊಸ ಮೇಷ್ಟ್ರಿಗೆ ಸ್ವಾಗತವೋ, ವಸೂಲಿಯೋ?

ತುಂಗಾತೀರ: ಜಪಾನಿನಲ್ಲಿ ಶಾಲೆಯ ವರ್ಷ ಶುರುವಾಗೋದು ಏಪ್ರಿಲ್‌ನಲ್ಲಿ. ವರ್ಗವಾಗಿ ಬಂದ ಮೇಷ್ಟ್ರನ್ನು ಮಕ್ಕಳೆದುರು ವೇದಿಕೆ ಹತ್ತಿಸಿ ಪರಿಚಯ ಮಾಡಿಸುತ್ತಾರೆ. ಆಮೇಲೆ ಒಂದು ಸಂಜೆ ಕಾಂಗೇಕಾಯ್, ಅಂದರೆ ಸ್ವಾಗತದ ಊಟ. ನಮ್ಮಲ್ಲಿ ವರ್ಗವಾಗಿ ಬಂದವರಿಗೆ ಕೂರೋಕೆ ಕುರ್ಚಿ ಸಿಕ್ಕರೆ ಪುಣ್ಯ. ಅವರನ್ನು ನೋಡಿ ಕಲಿಯಬೇಕು.

ಕಹಿಬೇವು: ‘ಊಟ’ ಅಂತೆ! ತಲೆಗೆ ಇಷ್ಟು ಅಂತ ದುಡ್ಡು ಎತ್ತುತ್ತಾರೆ ಸ್ವಾಮಿ. ಎಷ್ಟೋ ಕಡೆ ಹೊಸಬರೂ ಕೊಡಬೇಕು, ಅದೂ ಮೊದಲ ಸಂಬಳ ಕೈಗೆ ಬರೋ ಮುಂಚೆ.

ಸಕುರಾ ಸುಬ್ಬಿ: ಸುಳ್ಳು. ಹೊರದೇಶದವರನ್ನು ಶಾಲೆಗಳಿಗೆ ಕರೆಸಿಕೊಳ್ಳೋ ಜಪಾನ್ ಸರ್ಕಾರದ ಜೆಟ್ ಯೋಜನೆಯಲ್ಲಿ ಇಂಗ್ಲಿಷ್ ಕಲಿಸೋಕೆ ಹೋಗಿದ್ದೆ. ನನ್ನ ಹತ್ತಿರ ಒಂದು ಯೆನ್ ಕೂಡ ತೆಗೆದುಕೊಳ್ಳಲಿಲ್ಲ.

ಕಹಿಬೇವು: ‘ನನ್ನ ಹತ್ತಿರ’. ನೀವು ಹೊರದೇಶದ ಅತಿಥಿ ಮೇಡಂ. ಜೆಟ್‌ನವರು ಹೆಚ್ಚಾಗಿ ಹೋಗೋದೇ ಜುಲೈ, ಆಗಸ್ಟ್‌ನಲ್ಲಿ. ಮುಂದಿನ ಏಪ್ರಿಲ್ ಊಟಕ್ಕೆ ಕೊಟ್ಟಿರೋ ಇಲ್ಲವೋ?

ಸಕುರಾ ಸುಬ್ಬಿ: ಕೊಟ್ಟೆ. ಆಗ ನಾನು ಹಳಬಳು!

ಲೆಕ್ಕದ ಮೇಷ್ಟ್ರು: ಬಹಳ ಶಾಲೆಗಳಲ್ಲಿ ಶಿಂಬೊಕುಕಾಯ್ ಅಂತ ಸಿಬ್ಬಂದಿ ಸಂಘ ಇರುತ್ತದೆ. ಎಲ್ಲರೂ ತಿಂಗಳಿಗಿಷ್ಟು ಹಾಕುತ್ತಾರೆ. ಸ್ವಾಗತ, ಬೀಳ್ಕೊಡುಗೆ, ಮದುವೆ, ಸಾವು ಎಲ್ಲಕ್ಕೂ ಅದೇ ಗಂಟು. ಹೊಸಬರಿಗೆ ಬಿಡೋದು, ಅರ್ಧ ತೆಗೆದುಕೊಳ್ಳೋದು, ಪೂರ್ತಿ ತೆಗೆದುಕೊಳ್ಳೋದು ಶಾಲೆಗೊಂದು ಥರ.

ಕಹಿಬೇವು: ‘ಪೂರ್ತಿ ತೆಗೆದುಕೊಳ್ಳೋದು’. ನೀವೇ ಬರೆದಿದ್ದೀರಿ. ಮುಗೀತಲ್ಲ.

ಲೆಕ್ಕದ ಮೇಷ್ಟ್ರು: ಅದೇ ಸಾಲಿನಲ್ಲಿ ‘ಬಿಡೋದು’ ಅಂತಲೂ ಇದೆ. ಕನ್ನಡಕ ಒರೆಸಿಕೊಳ್ಳಿ.

ಕಹಿಬೇವು: ಕನ್ನಡಕದ ಸುದ್ದಿ ಯಾಕ್ರೀ? ವಾದ ಮಾಡೋಕಾಗದೆ ಮೈಮೇಲೆ ಬರಬೇಡಿ.

ಮಲ್ನಾಡ್ ಮಳೆ: ದುಡ್ಡು ಹಾಳಾಗಲಿ, ಹೊತ್ತಿನ ಲೆಕ್ಕ ಯಾರು ಕೊಡುತ್ತಾರೆ? 1971ರ ಕಾನೂನಿನಂತೆ ಅಲ್ಲಿನ ಸರ್ಕಾರಿ ಶಾಲೆ ಮೇಷ್ಟ್ರಿಗೆ ಓವರ್‌ಟೈಮ್ ಇಲ್ಲ. ಬದಲಿಗೆ ಸಂಬಳದ ಶೇ. 4 ಸೇರಿಸಿ ಕೈತೊಳೆದುಕೊಂಡರು. ಶೇ. 10ಕ್ಕೆ ಏರಿಸೋಣ ಅಂತ ಕಾನೂನು ತಿದ್ದಿದ್ದು 2025ರಲ್ಲಿ, ಅದೂ ವರ್ಷಕ್ಕಿಷ್ಟಿಷ್ಟೇ. ರಾತ್ರಿವರೆಗೆ ದುಡಿದು, ಮೇಲೆ ಹೆಡ್‌ಮಾಸ್ಟರ ಗ್ಲಾಸಿಗೆ ಬಿಯರ್ ಬೇರೆ ಸುರಿಯಬೇಕಾ?

ತುಂಗಾತೀರ: ‘ಹೆಡ್‌ಮಾಸ್ಟರ ಗ್ಲಾಸಿಗೆ’ ಅಂದಿರಲ್ಲ, ಅಲ್ಲಿ ತನ್ನ ಗ್ಲಾಸಿಗೆ ತಾನೇ ಸುರಿದುಕೊಳ್ಳೋದು ಚೆನ್ನಾಗಿರಲ್ಲ ಅಂತ ಒಬ್ಬರಿಗೊಬ್ಬರು ಹಾಕುತ್ತಾರೆ. ಅದು ಗುಲಾಮಗಿರಿ ಅಲ್ಲ.

ಸಕುರಾ ಸುಬ್ಬಿ: ಹೌದು ಮತ್ತೆ. ನಾನು ಕುಡಿಯಲ್ಲ ಅಂತ ಗೊತ್ತಾದ ಮೇಲೆ ಉಪ ಮುಖ್ಯೋಪಾಧ್ಯಾಯರೇ ಊಲಾಂಗ್ ಚಹಾದ ಜಗ್ಗು ಎರಡೂ ಕೈಯಲ್ಲಿ ಹಿಡಿದು, ಮಂಡಿಯೂರಿ ಕೂತು ಹಾಕಿಕೊಟ್ಟರು. ನಮ್ಮಲ್ಲಿ ಯಾವ ದೊಡ್ಡವರು ಹಾಗೆ ಮಾಡುತ್ತಾರೆ?

ಕಹಿಬೇವು: ಆ ಚಹಾ ಯಾರ ದುಡ್ಡಿಂದು?

ಸಕುರಾ ಸುಬ್ಬಿ: ಖಂಡಿತ ನಿಮ್ಮದಲ್ಲ.

ಲೆಕ್ಕದ ಮೇಷ್ಟ್ರು: ಸಂಘದ್ದು. ಮೇಲೆಯೇ ಬರೆದಿದ್ದೇನೆ, ಓದೋರಿದ್ದರೆ.

ಮಲ್ನಾಡ್ ಮಳೆ: ನನ್ನ ಶೇ. 4ರ ಮಾತಿಗೆ ಮಾತ್ರ ಒಬ್ಬರೂ ಬಾಯಿ ಬಿಡಲ್ಲ, ಅಲ್ವಾ?